ಸೋಲಾರ್ ಸೇರಿದ ಫೀಡರ್‌ಗೆ ಯಾವ ಲೋಡ್ ಫ್ಲೋ? ಆಯ್ಕೆಗೊಂದು ಮಾರ್ಗದರ್ಶಿ

ವಿತರಣಾ ಫೀಡರ್‌ಗಳನ್ನು ಕಟ್ಟಿದ್ದು ಕರೆಂಟ್ ಒಂದೇ ದಿಕ್ಕಿಗೆ ಹರಿಯುತ್ತದೆ ಎಂದುಕೊಂಡು. ಸಬ್‌ಸ್ಟೇಷನ್‌ನಿಂದ ಹೊರಟು ಕೊನೆಯ ಕಂಬದವರೆಗೆ, ಹೋಗ್ತಾ ಹೋಗ್ತಾ ವೋಲ್ಟೇಜ್ ಇಳಿಯುತ್ತಾ. ಕಂಡಕ್ಟರ್ ಗಾತ್ರ, ಟ್ರಾನ್ಸ್‌ಫಾರ್ಮರಿನ ವೋಲ್ಟೇಜ್ ಹೊಂದಿಸುವ ಟ್ಯಾಪ್ ಸೆಟ್ಟಿಂಗ್, ಲೆಕ್ಕದ ಪದ್ಧತಿ ಎಲ್ಲವೂ ಇದರ ಮೇಲೇ ನಿಂತಿವೆ. ಚಾವಣಿ ಸೋಲಾರ್, ಸಣ್ಣ ವಿಂಡ್ ಟರ್ಬೈನ್, ಬಯೋಗ್ಯಾಸ್ ಜನರೇಟರ್, ಬ್ಯಾಟರಿ ಇವೆಲ್ಲ ಲೈನಿನ ಮಧ್ಯದಲ್ಲೂ ತುದಿಯಲ್ಲೂ ಬಂದು ಕೂತ ಮೇಲೆ ಪರಿಸ್ಥಿತಿ ಬದಲಾಗುತ್ತದೆ. ಬಿಸಿಲು ಜಾಸ್ತಿ, ಲೋಡ್ ಕಡಿಮೆ ಇರುವ ಹೊತ್ತಿನಲ್ಲಿ ಪವರ್ ಹಿಂದಕ್ಕೆ ಹರಿಯುತ್ತದೆ. ತುದಿಯಲ್ಲಿ ವೋಲ್ಟೇಜ್ ಇಳಿಯುವ ಬದಲು ಏರುತ್ತದೆ.

ಇಂಥ ಫೀಡರಿನ ಲೋಡ್ ಫ್ಲೋ ಲೆಕ್ಕಕ್ಕೆ, ಅಂದರೆ ಎಲ್ಲಿ ಎಷ್ಟು ವೋಲ್ಟೇಜ್, ಯಾವ ಲೈನಿನಲ್ಲಿ ಎಷ್ಟು ಪವರ್ ಎಂದು ಕಂಡುಹಿಡಿಯುವ ಲೆಕ್ಕಕ್ಕೆ, ಮಾಡೆಲ್ ಮಾಡಲು ಕೂತವರು ಮೊದಲು ಕೇಳುವುದು "ಯಾವ ಸಾಫ್ಟ್‌ವೇರ್?" ಅಂತ. ಆಮೇಲೆ ಲೆಕ್ಕ ಬಿಡಿಸುವ ಪದ್ಧತಿ ಬಗ್ಗೆ, "ನ್ಯೂಟನ್-ರಾಫ್ಸನ್ ಹಾಕಲಾ, ಬ್ಯಾಕ್‌ವರ್ಡ್-ಫಾರ್ವರ್ಡ್ ಸ್ವೀಪ್ ಹಾಕಲಾ?" ಅಂತ. ನನ್ನ ಮಟ್ಟಿಗೆ ಇವೆರಡೂ ಕೊನೆಗೆ ಕೇಳಬೇಕಾದ ಪ್ರಶ್ನೆಗಳು. ಒಂದೇ ಮಾಡೆಲನ್ನು ಎರಡು ಬೇರೆ ಪದ್ಧತಿಗಳಿಗೆ ಕೊಟ್ಟರೆ, ಎರಡೂ ಸರಿಯಾಗಿ ಕನ್ವರ್ಜ್ ಆದರೆ, ಅಂದರೆ ಸುತ್ತು ಸುತ್ತಾಗಿ ಲೆಕ್ಕ ಹಾಕಿ ಒಂದು ಉತ್ತರಕ್ಕೆ ಬಂದು ನಿಂತರೆ, ಮಾಮೂಲಿ ಲೋಡಿಂಗ್‌ನಲ್ಲಿ ಬರುವುದು ಒಂದೇ ಉತ್ತರ. ಮೂರು ಫೇಸನ್ನೂ ಬಿಡಿಸಿ ಬರೆದಿರಾ, ಸೋಲಾರಿನ ಡಿಸಿಯನ್ನು ಎಸಿ ಮಾಡುವ ಇನ್ವರ್ಟರನ್ನು ಹೇಗೆ ತೋರಿಸಿದಿರಿ, ಯಾವ ಹೊತ್ತಿನ ಲೆಕ್ಕ ಹಾಕಿದಿರಿ ಎಂಬುದು ಮಾತ್ರ ಉತ್ತರವನ್ನೇ ಎರಡು ಪಟ್ಟು, ಆರು ಪಟ್ಟು ಬದಲಿಸಿಬಿಡುತ್ತದೆ. ಹಾಗಾಗಿ ಆ ಕ್ರಮದಲ್ಲೇ ನೋಡೋಣ.

ಒಂದು ಫೇಸಾ, ಮೂರು ಫೇಸಾ

ಟ್ರಾನ್ಸ್‌ಮಿಷನ್ ಜಾಲದಲ್ಲಿ ಮೂರೂ ಫೇಸ್ ಸಮ ಎಂದುಕೊಂಡು ಒಂದೇ ಫೇಸಿನ ಲೆಕ್ಕ ಹಾಕುತ್ತಾರೆ. ಅಲ್ಲಿ ಅದು ನಡೆಯುತ್ತದೆ. ವಿತರಣಾ ಜಾಲದಲ್ಲಿ, ಅದರಲ್ಲೂ 400 ವೋಲ್ಟ್‌ನ ಕಡೆ, ಇದು ಎಷ್ಟು ದಾರಿ ತಪ್ಪಿಸುತ್ತದೆ ಎಂದು ಒಂದು ಸಣ್ಣ ಲೆಕ್ಕದಲ್ಲಿ ತೋರಿಸುತ್ತೇನೆ.

ಟ್ರಾನ್ಸ್‌ಫಾರ್ಮರ್‌ನಿಂದ 300 ಮೀಟರ್ ದೂರಕ್ಕೆ 95 ಚದರ ಮಿಲಿಮೀಟರ್ ಅಲ್ಯೂಮಿನಿಯಂ ಕೇಬಲ್ ಹೋಗಿದೆ ಎಂದುಕೊಳ್ಳಿ. ಇದರ ರೆಸಿಸ್ಟೆನ್ಸ್ ಕಿಲೋಮೀಟರಿಗೆ ಸುಮಾರು 0.32 ಓಮ್, ರಿಯಾಕ್ಟೆನ್ಸ್ ಸುಮಾರು 0.08 ಓಮ್. 300 ಮೀಟರಿಗೆ 0.096 ಮತ್ತು 0.024. ತುದಿಯಲ್ಲಿ 5 ಕಿಲೋವ್ಯಾಟ್ ಸೋಲಾರ್ ಇದೆ.

ಅದನ್ನು ಮೂರು ಫೇಸಿಗೂ ಹಂಚಿದರೆ ಲೈನ್ ವೋಲ್ಟೇಜ್ ಏರುವುದು 5000 ಗುಣಿಸು 0.096 ಭಾಗಿಸು 400, ಅಂದರೆ 1.2 ವೋಲ್ಟ್. ಶೇ. 0.3. ಲೆಕ್ಕಕ್ಕೇ ಇಲ್ಲ. ಅದೇ 5 ಕಿಲೋವ್ಯಾಟ್ ಒಂದೇ ಫೇಸಿಗೆ ಹಾಕಿದ್ದಾರೆ ಅನ್ನಿ. ಈಗ ಕರೆಂಟ್ ಫೇಸಿನಲ್ಲಿ ಹೋಗಿ ನ್ಯೂಟ್ರಲ್‌ನಲ್ಲಿ ವಾಪಸ್ ಬರಬೇಕು, ನ್ಯೂಟ್ರಲ್‌ದೂ 0.096 ಓಮ್. 5000 ಗುಣಿಸು 0.192 ಭಾಗಿಸು 230, ಸುಮಾರು 4.2 ವೋಲ್ಟ್. ಶೇ. 1.8. ಅಷ್ಟೇ ಪವರ್, ಅದೇ ಕೇಬಲ್, ಆರು ಪಟ್ಟು ಏರಿಕೆ. ಇಷ್ಟಕ್ಕೇ ಮುಗಿಯಲಿಲ್ಲ. ನ್ಯೂಟ್ರಲ್ ತನ್ನ ಜಾಗದಿಂದ 2 ವೋಲ್ಟ್‌ನಷ್ಟು ಸರಿಯುವುದರಿಂದ ಉಳಿದ ಎರಡು ಫೇಸುಗಳ ವೋಲ್ಟೇಜ್ ತಲಾ 1 ವೋಲ್ಟ್‌ನಷ್ಟು ಇಳಿಯುತ್ತದೆ. ಒಂದು ಮನೆಯ ಇನ್ವರ್ಟರ್ ಓವರ್‌ವೋಲ್ಟೇಜ್ ಎಂದು ಟ್ರಿಪ್ ಆಗುವಾಗ ಪಕ್ಕದ ಮನೆಯವರಿಗೆ ವೋಲ್ಟೇಜ್ ಸಾಲದೇ ಇರುವುದು ಹೀಗೆ. ಬ್ಯಾಲೆನ್ಸ್ಡ್ ಮಾಡೆಲ್‌ನಲ್ಲಿ ಇದು ಯಾವತ್ತೂ ಕಾಣುವುದಿಲ್ಲ.

ಆದ್ದರಿಂದ ನನ್ನ ಆಯ್ಕೆ ನೇರವಾಗಿದೆ. 11 ಅಥವಾ 33 ಕಿಲೋವೋಲ್ಟ್‌ನಲ್ಲಿ, ಮೂರು ಫೇಸಿನ ದೊಡ್ಡ ಪ್ಲಾಂಟ್ ಸೇರಿಸುವ ಅಧ್ಯಯನಕ್ಕೆ ಬ್ಯಾಲೆನ್ಸ್ಡ್ ಲೆಕ್ಕ ಸಾಕು. ಮನೆಗಳ ಮಟ್ಟಕ್ಕೆ ಇಳಿದ ಕೂಡಲೇ ಮೂರು ಫೇಸ್, ನಾಲ್ಕು ವೈರ್. ಮಧ್ಯದ ದಾರಿ ಹುಡುಕುವುದು ಸುಮ್ನೆ ಸಮಯ ಹಾಳು.

ನಾಲ್ಕನೇ ವೈರ್ ಬಗ್ಗೆ ಒಂದು ಎಚ್ಚರಿಕೆ. ಹಲವು ಪ್ರೋಗ್ರಾಂಗಳು ಕ್ರಾನ್ ರಿಡಕ್ಷನ್ ಎಂಬ ವಿಧಾನದಿಂದ ನ್ಯೂಟ್ರಲನ್ನು ಮೂರು ಫೇಸುಗಳೊಳಗೆ ಮಡಚಿಬಿಡುತ್ತವೆ. ಲೈನಿನ ಎರಡೂ ತುದಿಯಲ್ಲಿ ನ್ಯೂಟ್ರಲ್ ವೋಲ್ಟೇಜ್ ಸೊನ್ನೆ ಎಂಬುದು ಇದರ ಹಿಂದಿನ ಊಹೆ. ಕಂಬ ಕಂಬಕ್ಕೂ ಅರ್ಥಿಂಗ್ ಇರುವ ಕಡೆ ಇದು ಹತ್ತಿರ ಹತ್ತಿರ ನಿಜ. ಟ್ರಾನ್ಸ್‌ಫಾರ್ಮರ್ ಹತ್ತಿರ ಮಾತ್ರ ಅರ್ಥ್ ಆಗಿರುವ ಕಡೆ ಅಲ್ಲ. ಮೇಲಿನ ಲೆಕ್ಕದಲ್ಲಿ ನಾವು ಹಿಡಿದ ಆ 2 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ.

ಇನ್ವರ್ಟರನ್ನು ಹೇಗೆ ತೋರಿಸಬೇಕು

ಹರಡಿಕೊಂಡ ಉತ್ಪಾದನೆಯನ್ನು ಮಾಡೆಲ್ ಮಾಡುವ ದಾರಿಗಳು ಮುಖ್ಯವಾಗಿ ಮೂರು. ನೆಗೆಟಿವ್ ಲೋಡ್, ಅಂದರೆ ಪಿ ಮತ್ತು ಕ್ಯೂ ಎರಡನ್ನೂ ಮೊದಲೇ ಕೊಡುವ ಪಿಕ್ಯೂ ನೋಡ್ (ನೋಡ್ ಅಂದರೆ ಜಾಲದ ಒಂದು ಬಿಂದು, ಕ್ಯೂ ಅಂದರೆ ರಿಯಾಕ್ಟಿವ್ ಪವರ್, ಕೆಲಸ ಮಾಡದೆ ಹೋಗಿಬರುತ್ತಾ ವೋಲ್ಟೇಜ್ ಮೇಲೆ ಪರಿಣಾಮ ಬೀರುವ ಪವರ್). ವೋಲ್ಟೇಜನ್ನು ಹಿಡಿದಿಡುವ ಪಿವಿ ನೋಡ್ (ಸೋಲಾರ್ ಪಿವಿ ಬೇರೆ, ಈ ಪಿವಿ ಬೇರೆ, ಇಲ್ಲಿ ಪಿ ಅಂದರೆ ಪವರ್, ವಿ ಅಂದರೆ ವೋಲ್ಟೇಜ್). ಮೂರನೆಯದು, ವೋಲ್ಟೇಜ್ ನೋಡಿಕೊಂಡು ರಿಯಾಕ್ಟಿವ್ ಪವರ್ ಬದಲಿಸುವ ವೋಲ್ಟ್-ವಾರ್ ಕರ್ವ್.

ಯೂನಿಟಿ ಪವರ್ ಫ್ಯಾಕ್ಟರ್‌ನಲ್ಲಿ (ಅಂದರೆ ಕ್ಯೂ ಸೊನ್ನೆ ಇಟ್ಟು) ಓಡುವ ಹಳೆಯ ಇನ್ವರ್ಟರ್‌ಗೆ, ಪವರ್ ಫ್ಯಾಕ್ಟರ್ ಕಂಟ್ರೋಲ್‌ನಲ್ಲಿರುವ ಜನರೇಟರ್‌ಗೆ, ಪಿಕ್ಯೂ ಸರಿಹೊಂದುತ್ತದೆ. ಇದರಲ್ಲಿ ಹೇಳುವಂಥದ್ದೇನೂ ಇಲ್ಲ. ನೇರವಾಗಿ ಗ್ರಿಡ್‌ಗೆ ಕೂಡಿದ ಇಂಡಕ್ಷನ್ ಜನರೇಟರ್ ಇದ್ದರೆ ಮಾತ್ರ ಸ್ಥಿರ ಕ್ಯೂ ಹಾಕಬೇಡಿ. ಅದು ಎಳೆಯುವ ರಿಯಾಕ್ಟಿವ್ ಪವರ್ ವೋಲ್ಟೇಜಿನ ಜೊತೆ ಬದಲಾಗುತ್ತದೆ.

ಪಿವಿ ನೋಡ್ ಬಗ್ಗೆ ನನಗೆ ಅಷ್ಟು ಒಲವಿಲ್ಲ. ದೊಡ್ಡ ಸಿಂಕ್ರೋನಸ್ ಯಂತ್ರ ನಿಜಕ್ಕೂ ವೋಲ್ಟೇಜ್ ರೆಗ್ಯುಲೇಷನ್ ಮೋಡ್‌ನಲ್ಲಿದ್ದರೆ ಸರಿ. 10 ಕಿಲೋವ್ಯಾಟ್ ಇನ್ವರ್ಟರನ್ನು ಪಿವಿ ನೋಡ್ ಮಾಡಿದರೆ, ಕ್ಯೂ ಮಿತಿ ಹಾಕದಿದ್ದರೆ, ಅದು ಇಡೀ ಫೀಡರಿನ ವೋಲ್ಟೇಜನ್ನು ಹೊತ್ತು ನಿಲ್ಲುತ್ತದೆ. ಕಾಗದದ ಮೇಲೆ ಎಲ್ಲವೂ ಚೆಂದ. ಫಲಿತಾಂಶದಲ್ಲಿ ಆ ಇನ್ವರ್ಟರಿನ ಕ್ಯೂ ಎಷ್ಟು ಬಂದಿದೆ ಎಂದು ನೋಡಿದರೆ ಅದರ ರೇಟಿಂಗ್‌ಗಿಂತ ಹತ್ತು ಪಟ್ಟು ಇರುತ್ತದೆ.

ವೋಲ್ಟ್-ವಾರ್ ಈಗ ಎಲ್ಲ ಕಡೆ ಬರುತ್ತಿದೆ. ಇಂಥ ಉತ್ಪಾದನೆಯನ್ನು ಗ್ರಿಡ್‌ಗೆ ಸೇರಿಸುವ ಮಾನದಂಡ ಐಇಇಇ 1547ರ 2018ರ ಆವೃತ್ತಿಯಲ್ಲಿ ಬಿ ವರ್ಗದ ಡೀಫಾಲ್ಟ್ ಕರ್ವ್ ಹೀಗಿದೆ: ವೋಲ್ಟೇಜ್ 0.98ರಿಂದ 1.02 ಪರ್ ಯೂನಿಟ್ (ನಿಗದಿತ ವೋಲ್ಟೇಜನ್ನು 1 ಎಂದುಕೊಂಡು) ಒಳಗಿದ್ದರೆ ಏನೂ ಮಾಡುವುದಿಲ್ಲ. ಅದಕ್ಕಿಂತ ಏರಿದರೆ ರಿಯಾಕ್ಟಿವ್ ಪವರ್ ಹೀರಲು ಶುರು, 1.08ಕ್ಕೆ ರೇಟಿಂಗ್‌ನ ಶೇ. 44. ಇಳಿದರೆ ಕೊಡಲು ಶುರು, 0.92ಕ್ಕೆ ಶೇ. 44. ಇಲ್ಲಿ ಒಂದು ಸೂಕ್ಷ್ಮವಿದೆ. ಕ್ಯೂಗೆ ಶೇ. 44 ಕೊಟ್ಟ ಮೇಲೆ ಪಿಗೆ ಉಳಿಯುವುದು ಕೆವಿಎ ರೇಟಿಂಗ್‌ನ ಶೇ. 90ರಷ್ಟು. ಪ್ಯಾನೆಲ್‌ಗಳು ಪೂರ್ತಿ ಕೊಡುತ್ತಿರುವ ಹೊತ್ತಿನಲ್ಲಿ ಇನ್ವರ್ಟರ್ ಯಾವುದನ್ನು ಬಿಡುತ್ತದೆ, ಪಿಯನ್ನಾ ಕ್ಯೂ ಅನ್ನಾ? ಮಾಡೆಲ್‌ನಲ್ಲಿ ಇದನ್ನು ಸ್ಪಷ್ಟವಾಗಿ ಹೇಳಬೇಕು. ಹೇಳದಿದ್ದರೆ ಕೆಲವು ಪ್ರೋಗ್ರಾಂಗಳು ಎರಡನ್ನೂ ಪೂರ್ತಿ ಕೊಟ್ಟು ಸುಮ್ಮನಾಗುತ್ತವೆ.

ವೋಲ್ಟ್-ವಾರ್ ಹಾಕಿದರೆ ವೋಲ್ಟೇಜ್ ಸಮಸ್ಯೆ ಬಗೆಹರಿಯುತ್ತದೆ ಎಂದು ನಂಬುವ ಮೊದಲು ಆರ್/ಎಕ್ಸ್, ಅಂದರೆ ರೆಸಿಸ್ಟೆನ್ಸ್ ಮತ್ತು ರಿಯಾಕ್ಟೆನ್ಸ್ ಅನುಪಾತ, ನೋಡಿ. ಮೇಲಿನ ಕೇಬಲ್‌ಗೇ ವಾಪಸ್ ಬರೋಣ. ಈಗ ತುದಿಯಲ್ಲಿ 50 ಕಿಲೋವ್ಯಾಟ್ ಮೂರು ಫೇಸ್ ಸೋಲಾರ್. ಯೂನಿಟಿಯಲ್ಲಿ ವೋಲ್ಟೇಜ್ ಏರಿಕೆ 12 ವೋಲ್ಟ್, ಶೇ. 3. ಪವರ್ ಫ್ಯಾಕ್ಟರ್ 0.95ಕ್ಕೆ ಇಳಿಸಿ 16.4 ಕೆವಿಎಆರ್ ಹೀರಿಸಿದರೆ ಇಳಿಯುವುದು 16400 ಗುಣಿಸು 0.024 ಭಾಗಿಸು 400. ಸುಮಾರು 1 ವೋಲ್ಟ್! ಅಷ್ಟಕ್ಕಾಗಿ ಕೇಬಲ್ ನಷ್ಟ ಸುಮಾರು ಶೇ. 11 ಜಾಸ್ತಿ.

ಈಗ 11 ಕಿಲೋವೋಲ್ಟ್ ಓವರ್‌ಹೆಡ್ ಲೈನ್ ತಗೊಳ್ಳಿ. 8 ಕಿಲೋಮೀಟರ್, ಕಿಲೋಮೀಟರಿಗೆ 0.3 ಓಮ್ ರೆಸಿಸ್ಟೆನ್ಸ್, 0.35 ಓಮ್ ರಿಯಾಕ್ಟೆನ್ಸ್. ತುದಿಯಲ್ಲಿ 2 ಮೆಗಾವ್ಯಾಟ್. ಯೂನಿಟಿಯಲ್ಲಿ 436 ವೋಲ್ಟ್ ಏರುತ್ತದೆ, ಶೇ. 4. ಅದೇ 0.95 ಪವರ್ ಫ್ಯಾಕ್ಟರ್‌ನಲ್ಲಿ ಹೀರಿಸಿದರೆ 167 ವೋಲ್ಟ್ ವಾಪಸ್ ಇಳಿಯುತ್ತದೆ, ಏರಿಕೆ ಶೇ. 2.5ಕ್ಕೆ ಬರುತ್ತದೆ. ಅಲ್ಲಿ ಹನ್ನೆರಡರಲ್ಲಿ ಒಂದು ಪಾಲು, ಇಲ್ಲಿ ಮೂರರಲ್ಲಿ ಒಂದಕ್ಕಿಂತ ಜಾಸ್ತಿ. ಅಂದರೆ 11 ಕಿಲೋವೋಲ್ಟ್ ಕಡೆ ವೋಲ್ಟ್-ವಾರ್ ಮಾಡೆಲ್ ಮಾಡದೇ ಇದ್ದರೆ ಅಧ್ಯಯನ ಅರ್ಧಂಬರ್ಧ. ಕಡಿಮೆ ವೋಲ್ಟೇಜಿನ ಕೇಬಲ್ ಕಡೆ ಅದಕ್ಕಿಂತ ವೋಲ್ಟ್-ವ್ಯಾಟ್, ಅಂದರೆ ವೋಲ್ಟೇಜ್ ಏರಿದಾಗ ಪವರನ್ನೇ ತಗ್ಗಿಸುವ ಕಂಟ್ರೋಲ್, ಮುಖ್ಯವಾಗುತ್ತದೆ. ಟ್ರಾನ್ಸ್‌ಫಾರ್ಮರಿನ ರಿಯಾಕ್ಟೆನ್ಸ್ ಸೇರಿದರೆ ಕ್ಯೂ ಪ್ರಭಾವ ಒಂದಿಷ್ಟು ಹೆಚ್ಚುತ್ತದೆ ನಿಜ. ಆದರೂ ಕೇಬಲ್ ಕತೆ ಬದಲಾಗುವುದಿಲ್ಲ.

ಇಂಥ ಕರ್ವ್‌ಗಳನ್ನು ಹಾಕಿದಾಗ ಲೆಕ್ಕ ಎರಡು ಸುತ್ತಿನದಾಗುತ್ತದೆ. ಒಳಗಿನ ಸುತ್ತು ಲೋಡ್ ಫ್ಲೋ, ಹೊರಗಿನ ಸುತ್ತು ಕಂಟ್ರೋಲ್. ಕರ್ವ್ ಕಡಿದಾಗಿದ್ದರೆ ಹೊರಗಿನ ಸುತ್ತು ತೂಗಾಡತೊಡಗುತ್ತದೆ: ಒಂದು ಸಲ ಕ್ಯೂ ಪೂರ್ತಿ, ಮುಂದಿನ ಸಲ ಸೊನ್ನೆ, ಮತ್ತೆ ಪೂರ್ತಿ. ಇದು ನಿಜವಾದ ಇನ್ವರ್ಟರಿನ ಗುಣ ಎಂದು ವರದಿ ಬರೆಯಬೇಡಿ. ಪ್ರತಿ ಸಲ ಪೂರ್ತಿ ಬದಲಾವಣೆ ಒಪ್ಪುವ ಬದಲು ಅರ್ಧ ಅಥವಾ ಕಾಲು ಭಾಗ ಮಾತ್ರ ಒಪ್ಪುವಂತೆ ಮಾಡಿದರೆ ಬಹುತೇಕ ಸಂದರ್ಭಗಳಲ್ಲಿ ಶಾಂತವಾಗುತ್ತದೆ.

ಒಂದು ಕ್ಷಣವಾ, ಒಂದು ವರ್ಷವಾ

ಹಳೆಯ ರೂಢಿ ಒಂದು ಪೀಕ್ ಲೋಡ್ ಲೆಕ್ಕ. ಹರಡಿಕೊಂಡ ಉತ್ಪಾದನೆ ಬಂದ ಮೇಲೆ ಕನಿಷ್ಠ ಎರಡು ಬೇಕು: ಗರಿಷ್ಠ ಲೋಡ್ ಜೊತೆ ಶೂನ್ಯ ಉತ್ಪಾದನೆ, ಕನಿಷ್ಠ ಲೋಡ್ ಜೊತೆ ಗರಿಷ್ಠ ಉತ್ಪಾದನೆ. ಸೋಲಾರ್‌ಗೆ ಈ ಕನಿಷ್ಠ ಲೋಡ್ ಅಂದರೆ ಹಗಲಿನ ಕನಿಷ್ಠ. ರಾತ್ರಿ ಮೂರು ಗಂಟೆಯ ಲೋಡ್ ಹಾಕಿ ಮಧ್ಯಾಹ್ನದ ಸೋಲಾರ್ ಜೊತೆ ಕೂಡಿಸಿದರೆ, ಯಾವತ್ತೂ ಬರದ ಪರಿಸ್ಥಿತಿಗೆ ಹೆದರಿ ಅರ್ಜಿ ತಿರಸ್ಕರಿಸಿದಂತಾಗುತ್ತದೆ.

ಈ ಎರಡು ಸ್ನ್ಯಾಪ್‌ಶಾಟ್‌ಗಳಲ್ಲಿ ವೋಲ್ಟೇಜ್ ಆರಾಮವಾಗಿ ಮಿತಿಯೊಳಗಿದ್ದರೆ ಅಲ್ಲಿಗೆ ನಿಲ್ಲಿಸಿ. ನಿಜವಾಗಿ. ಮುಂದಿನದೆಲ್ಲ ಖರ್ಚು. ಮಿತಿ ಹತ್ತಿರ ಬಂದಾಗ ಮಾತ್ರ "ವರ್ಷದಲ್ಲಿ ಎಷ್ಟು ಹೊತ್ತು ಮೀರುತ್ತದೆ?" ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಟೈಮ್ ಸೀರೀಸ್, ಅಂದರೆ ಹೊತ್ತು ಹೊತ್ತಿಗೂ ಒಂದೊಂದು ಲೆಕ್ಕ, ಬೇಕು.

ಎಷ್ಟು ಸಣ್ಣ ಹೆಜ್ಜೆ? ಗಂಟೆಗೊಂದಾದರೆ ವರ್ಷಕ್ಕೆ 8,760 ಲೆಕ್ಕ. ನಿಮಿಷಕ್ಕೊಂದಾದರೆ 5,25,600. ಸೆಕೆಂಡಿಗೊಂದಾದರೆ ಮೂರು ಕೋಟಿಗೂ ಹೆಚ್ಚು. ಹೆಜ್ಜೆ ಆರಿಸಬೇಕಾದ್ದು ಉತ್ತರ ಯಾವುದಕ್ಕೆ ಬೇಕು ಎಂಬುದರಿಂದ. ಶಕ್ತಿ ನಷ್ಟದ ಅಂದಾಜಿಗೆ 15 ನಿಮಿಷದಿಂದ ಒಂದು ಗಂಟೆ ನಡೆಯುತ್ತದೆ. ಆದರೆ ನಷ್ಟ ಕರೆಂಟಿನ ವರ್ಗಕ್ಕೆ ಹೊಂದಿಕೊಂಡಿರುವುದರಿಂದ, ಸರಾಸರಿ ಮಾಡಿದಷ್ಟೂ ಅದು ಕಡಿಮೆಯಾಗಿ ಕಾಣುತ್ತದೆ. ಯುರೋಪಿನ ಇಎನ್ 50160 ಥರದ ನಿಯಮದಲ್ಲಿ ವೋಲ್ಟೇಜ್ ನೋಡುವುದೇ 10 ನಿಮಿಷದ ಸರಾಸರಿಯಲ್ಲಿ, ಅದೂ ವಾರದ ಶೇ. 95 ಹೊತ್ತು ±10 ಶೇಕಡದೊಳಗೆ ಇರಬೇಕು ಎಂದು. ಅಂಥ ಪರೀಕ್ಷೆಗೆ 10 ನಿಮಿಷದ ಡೇಟಾ ಸಾಕಲ್ವಾ? ಸೆಕೆಂಡಿನ ಡೇಟಾ ಹುಡುಕಿಕೊಂಡು ಹೋಗುವುದು ಯಾಕೆ? ಟ್ಯಾಪ್ ಚೇಂಜರ್ ದಿನಕ್ಕೆ ಎಷ್ಟು ಸಲ ಆಡುತ್ತದೆ ಎಂದು ಎಣಿಸಬೇಕಾದರೆ ಮಾತ್ರ ಸಣ್ಣ ಹೆಜ್ಜೆ ಬೇಕೇ ಬೇಕು. ಅದರ ಟೈಮ್ ಡಿಲೇ ಸಾಮಾನ್ಯವಾಗಿ ಅರ್ಧ ನಿಮಿಷ, ಒಂದು ನಿಮಿಷದ ಆಸುಪಾಸು. ಮೋಡ ಹಾದುಹೋಗಿ ಸೋಲಾರ್ ಬೀಳುವುದೂ ಅಷ್ಟೇ ಹೊತ್ತಿನಲ್ಲಿ. ಗಂಟೆಯ ಡೇಟಾದಲ್ಲಿ ಈ ಜಗಳವೇ ಕಾಣುವುದಿಲ್ಲ.

ವೋಲ್ಟೇಜ್ ರೆಗ್ಯುಲೇಟರ್ ಇದ್ದರೆ ಅದರ ಮೋಡ್ ಯಾವುದು ಎಂದು ಕೇಳಿ ತಿಳಿದುಕೊಂಡೇ ಮಾಡೆಲ್ ಮಾಡಿ. ಲೈನ್ ಡ್ರಾಪ್ ಕಾಂಪೆನ್ಸೇಷನ್ (ಕರೆಂಟ್ ಹೆಚ್ಚಿದಷ್ಟೂ ವೋಲ್ಟೇಜ್ ಏರಿಸುವ ಏರ್ಪಾಡು) ಇದ್ದಲ್ಲಿ, ಕೆಳಗಿನ ಸೋಲಾರ್‌ನಿಂದ ರೆಗ್ಯುಲೇಟರ್ ನೋಡುವ ಕರೆಂಟ್ ಕಡಿಮೆಯಾಗುತ್ತದೆ. ಲೋಡ್ ಕಡಿಮೆ ಇದೆ ಎಂದುಕೊಂಡು ಅದು ವೋಲ್ಟೇಜ್ ಇಳಿಸುತ್ತದೆ. ಸೋಲಾರ್ ಇಲ್ಲದ ಇನ್ನೊಂದು ಕವಲಿನ ತುದಿ ಅಲ್ಲಿ ಒದ್ದಾಡುತ್ತದೆ. ಬೈಡೈರೆಕ್ಷನಲ್ ಮೋಡ್ ಇನ್ನೂ ಮೋಜಿನದು. ಪವರ್ ಹಿಂದಕ್ಕೆ ಹರಿದರೆ ಫೀಡರನ್ನು ಬೇರೆ ಸಬ್‌ಸ್ಟೇಷನ್‌ಗೆ ಬದಲಿಸಿದ್ದಾರೆ ಎಂದು ಅದು ತಿಳಿಯುತ್ತದೆ. ಮೂಲದ ಕಡೆಯ ವೋಲ್ಟೇಜನ್ನೇ ತಿದ್ದಲು ಹೊರಡುತ್ತದೆ. ಅಲ್ಲಿರುವುದು ಗಟ್ಟಿ ಗ್ರಿಡ್, ಅಲುಗುವುದಿಲ್ಲ. ಟ್ಯಾಪ್ ಮಾತ್ರ ಒಂದೊಂದೇ ಮೆಟ್ಟಿಲು ಸರಿದು ಕೊನೆಗೆ ಹೋಗಿ ನಿಲ್ಲುತ್ತದೆ. ಸ್ನ್ಯಾಪ್‌ಶಾಟ್‌ನಲ್ಲಿ ಟ್ಯಾಪನ್ನು ಒಂದೇ ಜಾಗದಲ್ಲಿ ಕಟ್ಟಿಹಾಕಿದವರಿಗೆ ಇದು ಗೊತ್ತೇ ಆಗುವುದಿಲ್ಲ.

ಸಂಭವನೀಯತೆಯ ಲೋಡ್ ಫ್ಲೋ ಇನ್ನೊಂದು ದಾರಿ. ಬಾರ್ಬರಾ ಬೊರ್ಕೊವ್ಸ್ಕಾ 1974ರಲ್ಲಿ ಇದನ್ನು ಮುಂದಿಟ್ಟರು. ಎಷ್ಟು ಸೋಲಾರ್, ಯಾರ ಮನೆ ಮೇಲೆ, ಯಾವ ಫೇಸಿಗೆ ಬರುತ್ತದೆ ಎಂದು ಗೊತ್ತಿಲ್ಲದಾಗ, ಅಂದರೆ ಫೀಡರ್ ಎಷ್ಟು ಸೋಲಾರ್ ತಡೆದುಕೊಳ್ಳುತ್ತದೆ ಎಂಬ ಅಧ್ಯಯನದಲ್ಲಿ, ಇದೇ ಸರಿಯಾದ ದಾರಿ. ಮಾಂಟೆ ಕಾರ್ಲೋ, ಅಂದರೆ ಯಾದೃಚ್ಛಿಕವಾಗಿ ಸಂಖ್ಯೆ ಆರಿಸಿ ಮತ್ತೆ ಮತ್ತೆ ಲೆಕ್ಕ ಓಡಿಸುವುದು, ಸರಳ, ಆದರೆ ನಿಧಾನ. ದೋಷವನ್ನು ಅರ್ಧ ಮಾಡಬೇಕಾದರೆ ನಾಲ್ಕು ಪಟ್ಟು ಲೆಕ್ಕ ಓಡಿಸಬೇಕು. ಆಯ್ದ ಕೆಲವೇ ಬಿಂದುಗಳಲ್ಲಿ ಲೆಕ್ಕ ಹಾಕುವ ಪಾಯಿಂಟ್ ಎಸ್ಟಿಮೇಟ್ ವಿಧಾನದಲ್ಲಿ 50 ಅನಿಶ್ಚಿತ ಸಂಖ್ಯೆಗಳಿದ್ದರೆ 101 ಲೆಕ್ಕಕ್ಕೆ ಮುಗಿಯುತ್ತದೆ. ಸರಾಸರಿ ಮತ್ತು ಹರವು ಚೆನ್ನಾಗಿ ಬರುತ್ತದೆ, ತುದಿಯ ಅಪರೂಪದ ಸಂದರ್ಭಗಳು ಅಷ್ಟು ಚೆನ್ನಾಗಿ ಬರುವುದಿಲ್ಲ. ನಮಗೆ ಬೇಕಾದದ್ದೇ ಆ ತುದಿ. ಕಂಪ್ಯೂಟರ್ ಸಮಯ ಈಗ ಅಗ್ಗ, ಮಾಂಟೆ ಕಾರ್ಲೋನೇ ಓಡಿಸಿ. ಪಕ್ಕಪಕ್ಕದ ಚಾವಣಿಗಳನ್ನು ಸ್ವತಂತ್ರ ಎಂದುಕೊಳ್ಳುವುದು ಮಾತ್ರ ದೊಡ್ಡ ತಪ್ಪು. ಒಂದೇ ಬಿಸಿಲು, ಒಂದೇ ಮೋಡ. ಸ್ವತಂತ್ರ ಎಂದು ಹಾಕಿದರೆ ಏರಿಳಿತಗಳು ಒಂದನ್ನೊಂದು ಸರಿದೂಗಿಸಿ ಓವರ್‌ವೋಲ್ಟೇಜ್ ಸಾಧ್ಯತೆ ಕಡಿಮೆ ತೋರಿಸುತ್ತವೆ.

ಈಗ ಸಾಲ್ವರ್, ಅಂದರೆ ಲೆಕ್ಕ ಬಿಡಿಸುವ ಪದ್ಧತಿ

ನ್ಯೂಟನ್-ರಾಫ್ಸನ್ ಪದ್ಧತಿಯನ್ನು ದೊಡ್ಡ ಜಾಲಗಳಿಗೆ ಒಗ್ಗಿಸಿದ್ದು ಟಿನ್ನಿ ಮತ್ತು ಹಾರ್ಟ್, 1967ರಲ್ಲಿ. ಅದನ್ನು ಹಗುರ ಮಾಡಿದ ಫಾಸ್ಟ್ ಡಿಕಪಲ್ಡ್ ಪದ್ಧತಿ ಸ್ಟಾಟ್ ಮತ್ತು ಅಲ್ಸಾಚ್ ಅವರದು, 1974. ಈ ಎರಡನೆಯದನ್ನು ವಿತರಣಾ ಜಾಲಕ್ಕೆ ನೇರವಾಗಿ ತರಬೇಡಿ. ಲೈನಿನ ಎಕ್ಸ್, ಆರ್‌ಗಿಂತ ಬಹಳ ದೊಡ್ಡದು ಎಂಬುದರ ಮೇಲೇ ಅದು ನಿಂತಿದೆ. ನಮ್ಮ ಕೇಬಲ್‌ನಲ್ಲಿ ಆರ್ ನಾಲ್ಕು ಪಟ್ಟು ದೊಡ್ಡದಿತ್ತು, ನೋಡಿದಿರಲ್ಲ. ಅಲ್ಲಿ ಅದು ಏದುಸಿರು ಬಿಡುತ್ತದೆ, ಇಲ್ಲವೇ ಕನ್ವರ್ಜ್ ಆಗುವುದೇ ಇಲ್ಲ.

ಬ್ಯಾಕ್‌ವರ್ಡ್-ಫಾರ್ವರ್ಡ್ ಸ್ವೀಪ್ ಫೀಡರಿಗೆ ಅಂತಲೇ ಹುಟ್ಟಿದ್ದು. ತುದಿಯಿಂದ ಕರೆಂಟ್ ಕೂಡಿಸಿಕೊಂಡು ಸಬ್‌ಸ್ಟೇಷನ್‌ಗೆ ಬಾ, ಅಲ್ಲಿಂದ ವೋಲ್ಟೇಜ್ ಇಳಿಸಿಕೊಂಡು ತುದಿಗೆ ಹೋಗು, ಬದಲಾವಣೆ ನಿಲ್ಲುವವರೆಗೆ ಇದನ್ನೇ ಮಾಡು. ನ್ಯೂಟನ್‌ಗೆ ಬೇಕಾಗುವ ಜಾಕೋಬಿಯನ್ ಮ್ಯಾಟ್ರಿಕ್ಸ್ ಇಲ್ಲ, ಮ್ಯಾಟ್ರಿಕ್ಸ್ ಬಿಡಿಸುವ ಗೋಜಿಲ್ಲ. ಸ್ಪ್ರೆಡ್‌ಶೀಟ್‌ನಲ್ಲೂ ಬರೆಯಬಹುದು. ಆರ್/ಎಕ್ಸ್ ಎಷ್ಟಿದ್ದರೂ ಅದಕ್ಕೆ ತಲೆಬಿಸಿ ಇಲ್ಲ. ಶಿರ್‌ಮೊಹಮ್ಮದಿ ಮತ್ತು ಜೊತೆಗಾರರು 1988ರಲ್ಲಿ ಒಂದೆರಡು ಲೂಪ್ ಇರುವ ಜಾಲಕ್ಕೂ ಇದನ್ನು ವಿಸ್ತರಿಸಿದರು: ಲೂಪನ್ನು ಕಡಿದು, ಕಡಿದ ಜಾಗದಲ್ಲಿ ಸರಿದೂಗಿಸುವ ಕರೆಂಟ್ ಹಾಕಿ. ಪಿವಿ ನೋಡ್‌ಗಳಿಗೂ ಇದೇ ಉಪಾಯ ನಡೆಯುತ್ತದೆ.

ಎಲ್ಲಿ ಕೈಕೊಡುತ್ತದೆ? ಲೂಪ್‌ಗಳೂ ಪಿವಿ ನೋಡ್‌ಗಳೂ ಜಾಸ್ತಿಯಾದ ಹಾಗೆ ಆ ಸರಿದೂಗಿಸುವ ಲೆಕ್ಕವೇ ಮುಖ್ಯ ಲೆಕ್ಕಕ್ಕಿಂತ ಭಾರವಾಗುತ್ತದೆ. ಲೋಡ್ ತೀರಾ ಹೆಚ್ಚಾಗಿ ವೋಲ್ಟೇಜ್ ಕುಸಿಯುವ ಅಂಚಿಗೆ ಬಂದಾಗ ಇಟರೇಷನ್‌ಗಳು ಹತ್ತರಿಂದ ನೂರಕ್ಕೆ ಹೋಗಬಹುದು. ನ್ಯೂಟನ್ ಆದರೋ ಉತ್ತರದ ಹತ್ತಿರ ಬಂದ ಮೇಲೆ ಪ್ರತಿ ಹೆಜ್ಜೆಗೂ ಸರಿಯಾದ ಅಂಕಿಗಳು ಸುಮಾರು ಎರಡು ಪಟ್ಟಾಗುತ್ತಾ ಹೋಗುತ್ತವೆ. ಮಾಮೂಲಿ ಜಾಲದಲ್ಲಿ ನಾಲ್ಕೈದು ಹೆಜ್ಜೆ ಸಾಕು. ವಿತರಣಾ ಜಾಲಕ್ಕೆ ನ್ಯೂಟನ್ ಆಗುವುದೇ ಇಲ್ಲ ಎಂಬ ಮಾತು ಹಳೆಯ ಪುಸ್ತಕಗಳಿಂದ ಇಳಿದು ಬಂದಿದೆ. ಈಗಿನ ಸ್ಪಾರ್ಸ್ ಮ್ಯಾಟ್ರಿಕ್ಸ್ ಲೈಬ್ರರಿಗಳಿರುವಾಗ ಅದು ಪೂರ್ತಿ ನಿಜವಲ್ಲ. ಅದು ಎಡವುವುದು ತೀರಾ ಸಣ್ಣ ಇಂಪೀಡೆನ್ಸ್‌ನ ಕವಲುಗಳಲ್ಲಿ. ಸ್ವಿಚ್ ಒಂದನ್ನು 0.000001 ಓಮ್‌ನ ಲೈನ್ ಎಂದು ಬರೆದು, ಪಕ್ಕದಲ್ಲೇ 5 ಓಮ್‌ನ ಲೈನ್ ಇಟ್ಟರೆ ಮ್ಯಾಟ್ರಿಕ್ಸ್ ಕಂಗಾಲಾಗುತ್ತದೆ. ಸ್ವಿಚ್ಚನ್ನು ಸ್ವಿಚ್ ಅಂತಲೇ ಬರೆಯಿರಿ, ಎರಡು ನೋಡ್ ಸೇರಿಸಿ ಒಂದು ಮಾಡಿ.

ಮೂರನೆಯ ಗುಂಪು ಕರೆಂಟ್ ಇಂಜೆಕ್ಷನ್ ಪದ್ಧತಿಗಳು. ಇಡೀ ಜಾಲದ ವೈ ಮ್ಯಾಟ್ರಿಕ್ಸನ್ನು (ಯಾವ ನೋಡ್ ಯಾವುದಕ್ಕೆ ಎಷ್ಟು ಗಟ್ಟಿಯಾಗಿ ಕೂಡಿದೆ ಎಂಬ ಪಟ್ಟಿಯನ್ನು) ಒಂದೇ ಸಲ ಬಿಡಿಸಿಟ್ಟುಕೊಂಡು, ಲೋಡ್ ಮತ್ತು ಇನ್ವರ್ಟರ್‌ಗಳನ್ನು ಕರೆಂಟ್ ಆಗಿ ಬದಲಿಸಿ ಸುತ್ತು ಹಾಕುವುದು. ಲೂಪ್ ಇರಲಿ, ಮೂರು ಫೇಸ್ ಇರಲಿ, ವಿಚಿತ್ರ ಟ್ರಾನ್ಸ್‌ಫಾರ್ಮರ್ ಕನೆಕ್ಷನ್ ಇರಲಿ, ಇದಕ್ಕೆ ಎಲ್ಲ ಒಂದೇ. ಲಕ್ಷಗಟ್ಟಲೆ ಲೆಕ್ಕದ ಟೈಮ್ ಸೀರೀಸ್‌ಗೆ, ಹಿಂದಿನ ನಿಮಿಷದ ಉತ್ತರದಿಂದಲೇ ಶುರು ಮಾಡಬಹುದಾದ್ದರಿಂದ, ನನ್ನ ಮೊದಲ ಆಯ್ಕೆ ಇದೇ.

ಇನ್ನು ಲೀನಿಯರ್ ಲೆಕ್ಕ. ಬರನ್ ಮತ್ತು ವೂ 1989ರಲ್ಲಿ ಕೊಟ್ಟ ಡಿಸ್ಟ್‌ಫ್ಲೋ ಸಮೀಕರಣಗಳಿಂದ ನಷ್ಟದ ಪದಗಳನ್ನು ತೆಗೆದರೆ ಲಿನ್‌ಡಿಸ್ಟ್‌ಫ್ಲೋ. ಇಟರೇಷನ್ ಇಲ್ಲ, ಆಪ್ಟಿಮೈಸೇಷನ್ ಒಳಗೆ ಸಲೀಸಾಗಿ ಕೂರುತ್ತದೆ. ಬ್ಯಾಟರಿ ಎಲ್ಲಿಡಬೇಕು, ಯಾವ ಇನ್ವರ್ಟರಿಗೆ ಎಷ್ಟು ಕ್ಯೂ ಎಂಬಂಥ ಹುಡುಕಾಟಕ್ಕೆ ಬಹಳ ಒಳ್ಳೆಯದು. ಇದರ ದೋಷಕ್ಕೆ ಒಂದು ದಿಕ್ಕಿದೆ, ಅದನ್ನು ನೆನಪಿಟ್ಟುಕೊಂಡರೆ ಸಾಕು. ನಷ್ಟ ಬಿಟ್ಟಿರುವುದರಿಂದ ಇದು ತೋರಿಸುವ ವೋಲ್ಟೇಜ್ ಯಾವಾಗಲೂ ನಿಜಕ್ಕಿಂತ ಒಂದು ಕೂದಲೆಳೆ ಮೇಲೆ ಇರುತ್ತದೆ. ಸೋಲಾರ್‌ನಿಂದ ಓವರ್‌ವೋಲ್ಟೇಜ್ ಆಗುತ್ತದೆಯಾ ಎಂದು ನೋಡುವಾಗ ಇದು ಸುರಕ್ಷಿತ ಬದಿಯ ತಪ್ಪು. ಸಂಜೆಯ ಪೀಕ್‌ನಲ್ಲಿ ವೋಲ್ಟೇಜ್ ಸಾಲದೇ ಹೋಗುತ್ತದೆಯಾ ಎಂದು ನೋಡುವಾಗ ಅಪಾಯದ ಬದಿಯ ತಪ್ಪು. ಎರಡನೆಯದಕ್ಕೆ ಕೊನೆಯಲ್ಲಿ ಒಂದು ಪೂರ್ಣ ಲೋಡ್ ಫ್ಲೋ ಓಡಿಸಿ ಖಚಿತ ಮಾಡಿಕೊಳ್ಳಿ.

ಸಾಫ್ಟ್‌ವೇರ್, ಬೇಗ ಬೇಗ

ಓಪನ್‌ಡಿಎಸ್‌ಎಸ್: ಅಮೆರಿಕದ ಇಪಿಆರ್‌ಐ 2008ರಲ್ಲಿ ಓಪನ್ ಸೋರ್ಸ್ ಮಾಡಿದ್ದು (ಇಪಿಆರ್‌ಐ ಅಲ್ಲಿನ ವಿದ್ಯುತ್ ಸಂಶೋಧನಾ ಸಂಸ್ಥೆ). ಮೂರು ಫೇಸ್, ನ್ಯೂಟ್ರಲ್, ಟೈಮ್ ಸೀರೀಸ್, ಇನ್ವರ್ಟರ್ ಕಂಟ್ರೋಲ್ ಎಲ್ಲ ಇದೆ. ಕರೆಂಟ್ ಇಂಜೆಕ್ಷನ್ ಮಾದರಿಯದು. ಮನೆಗಳ ಮಟ್ಟದ ಅಧ್ಯಯನಕ್ಕೆ ಇದನ್ನೇ ಹೇಳುತ್ತೇನೆ. ಒಂದು ಗುಂಡಿ ಇದೆ, ನೋಡಿಕೊಂಡು ನಡೆಯಿರಿ. ಲೋಡ್‌ಗೆ ಕನಿಷ್ಠ ಮತ್ತು ಗರಿಷ್ಠ ವೋಲ್ಟೇಜ್ ಎಂಬ ಎರಡು ಡೀಫಾಲ್ಟ್‌ಗಳಿವೆ, 0.95 ಮತ್ತು 1.05. ವೋಲ್ಟೇಜ್ ಇದರಾಚೆ ಹೋದರೆ ಸ್ಥಿರ ಪವರ್ ಲೋಡ್ ಸದ್ದಿಲ್ಲದೆ ಸ್ಥಿರ ಇಂಪೀಡೆನ್ಸ್ ಲೋಡ್ ಆಗಿಬಿಡುತ್ತದೆ. ಕನ್ವರ್ಜ್ ಆಗಲಿ ಎಂದು ಇಟ್ಟ ಸೌಲಭ್ಯ ಅದು. ಆದರೆ ನೀವು 0.91 ವೋಲ್ಟೇಜಿನ ಫೀಡರ್ ನೋಡುತ್ತಿದ್ದರೆ, ನೀವು ಹಾಕಿದ ಲೋಡ್ ಬೇರೆ, ಅದು ಲೆಕ್ಕ ಹಾಕಿದ ಲೋಡ್ ಬೇರೆ.

ಪಾಂಡಾಪವರ್: ಜರ್ಮನಿಯ ಕಾಸೆಲ್ ವಿಶ್ವವಿದ್ಯಾಲಯ ಮತ್ತು ಫ್ರಾನ್‌ಹೋಫರ್ ಸಂಸ್ಥೆಯ ಪೈಥಾನ್ ಲೈಬ್ರರಿ. ಬ್ಯಾಲೆನ್ಸ್ಡ್ ಲೆಕ್ಕಕ್ಕೆ ಇದರಷ್ಟು ಹಿತವಾದದ್ದು ಇನ್ನೊಂದಿಲ್ಲ. ಡೀಫಾಲ್ಟ್ ನ್ಯೂಟನ್, ಬೇಕಿದ್ದರೆ ಸ್ವೀಪ್. ಮೂರು ಫೇಸಿನ ಲೆಕ್ಕವೂ ಇದೆ, ಆದರೆ ಟ್ರಾನ್ಸ್‌ಫಾರ್ಮರ್ ಕನೆಕ್ಷನ್‌ಗಳ ಆಯ್ಕೆ ಸೀಮಿತ. ಜನರೇಷನ್‌ನ ಗುರುತು ಪ್ಲಸ್ಸಾ ಮೈನಸ್ಸಾ ಎಂದು ಯಾವ ಸಾಫ್ಟ್‌ವೇರ್‌ಗೆ ಹೋದರೂ ಮೊದಲ ದಿನವೇ ನೋಡಿಕೊಳ್ಳಿ.

ಮ್ಯಾಟ್‌ಪವರ್ ಮೂಲತಃ ಟ್ರಾನ್ಸ್‌ಮಿಷನ್‌ಗೆ ಬಂದದ್ದು. ರೇಡಿಯಲ್ ಜಾಲಕ್ಕೆ ಸ್ವೀಪ್ ಪದ್ಧತಿಗಳೂ ಅದರಲ್ಲಿವೆ. ಸಂಶೋಧನೆಗೆ, ಕಲಿಯಲು ಸರಿ. ಗ್ರಿಡ್‌ಲ್ಯಾಬ್-ಡಿ ಅಮೆರಿಕದ ಪೆಸಿಫಿಕ್ ನಾರ್ತ್‌ವೆಸ್ಟ್ ಪ್ರಯೋಗಾಲಯದ್ದು. ಮನೆಯೊಳಗಿನ ಎಸಿ, ಹೀಟರ್‌ಗಳ ವರ್ತನೆವರೆಗೂ ಮಾಡೆಲ್ ಮಾಡಬೇಕಾದರೆ ಅದು. ದುಡ್ಡು ಕೊಟ್ಟು ಕೊಳ್ಳುವ ಪ್ಯಾಕೇಜ್‌ಗಳಲ್ಲಿ ಲೋಡ್ ಫ್ಲೋ ಮಾತ್ರವಲ್ಲ, ಶಾರ್ಟ್ ಸರ್ಕ್ಯೂಟ್, ಪ್ರೊಟೆಕ್ಷನ್, ಹಾರ್ಮೋನಿಕ್ಸ್ ಎಲ್ಲ ಒಂದೇ ಡೇಟಾದ ಮೇಲೆ ಓಡುತ್ತವೆ. ಆಫೀಸಿನಲ್ಲಿ ಅದು ಈಗಾಗಲೇ ಇದ್ದು, ಫೀಡರ್ ಡೇಟಾವೂ ಅದರಲ್ಲೇ ಇದ್ದರೆ, ಬೇರೆ ಕಡೆ ಓಡಬೇಡಿ.

ಸ್ವಂತ ಕೋಡ್ ಬರೆಯುವವರು 33 ಬಸ್‌ನ ಪ್ರಸಿದ್ಧ ಪರೀಕ್ಷಾ ಜಾಲದಿಂದ ಶುರು ಮಾಡಿ (ಬಸ್ ಅಂದರೆ ನೋಡ್). 12.66 ಕಿಲೋವೋಲ್ಟ್, ಒಟ್ಟು ಲೋಡ್ 3,715 ಕಿಲೋವ್ಯಾಟ್ ಮತ್ತು 2,300 ಕೆವಿಎಆರ್. ಕವಲುಗಳನ್ನು ಒಂದಕ್ಕೊಂದು ಕೂಡಿಸುವ ಟೈ ಸ್ವಿಚ್‌ಗಳು ತೆರೆದಿರುವಾಗ ನಷ್ಟ ಸುಮಾರು 202.7 ಕಿಲೋವ್ಯಾಟ್ ಬರಬೇಕು, 18ನೇ ಬಸ್‌ನಲ್ಲಿ ವೋಲ್ಟೇಜ್ 0.913. ಇದು ಬಂದರೆ ಸಾಲ್ವರ್ ಸರಿ ಇದೆ ಎಂದರ್ಥ, ಅಷ್ಟೇ. ಮೂರು ಫೇಸಿಗೆ ಐಇಇಇಯ 13 ನೋಡ್ ಫೀಡರ್ ಚಿಕ್ಕದಾದರೂ ತಂಟೆಕೋರ. ಕಡಿಮೆ ವೋಲ್ಟೇಜಿಗೆ 906 ಬಸ್‌ನ ಯುರೋಪಿಯನ್ ಫೀಡರ್ ಇದೆ, ನಿಮಿಷ ನಿಮಿಷದ ಲೋಡ್ ಡೇಟಾ ಸಮೇತ.

ಮೀಟರ್ ಜೊತೆ ತಾಳೆ ಆಗದಿದ್ದರೆ

ಪರೀಕ್ಷಾ ಜಾಲ ಬಿಟ್ಟು ನಿಜವಾದ ಫೀಡರಿಗೆ ಬಂದಾಗ ಮಾಡೆಲ್ ಒಂದು ಹೇಳುತ್ತದೆ, ಮೀಟರ್ ಒಂದು ಹೇಳುತ್ತದೆ. ಆಗ ಸಾಲ್ವರ್ ಬದಲಿಸಲು ಹೋಗಬೇಡಿ. ಯಾವ ಮನೆ ಯಾವ ಫೇಸಿಗಿದೆ ಎಂಬ ದಾಖಲೆಯನ್ನು ಮೊದಲು ಅನುಮಾನಿಸಿ. ಕಂಬದ ಮೇಲೆ ಫೇಸ್ ಬದಲಿಸಿದ್ದನ್ನು ಯಾರೂ ಆಫೀಸಿಗೆ ಬಂದು ಬರೆಸುವುದಿಲ್ಲ. ಸ್ಮಾರ್ಟ್ ಮೀಟರ್ ಇದ್ದರೆ ಮನೆಯ ವೋಲ್ಟೇಜ್ ಏರಿಳಿತವನ್ನು ಟ್ರಾನ್ಸ್‌ಫಾರ್ಮರಿನ ಮೂರು ಫೇಸುಗಳ ಏರಿಳಿತದ ಜೊತೆ ಹೋಲಿಸಿ. ಯಾವುದರ ಜೊತೆ ಕುಣಿಯುತ್ತದೆಯೋ ಅದೇ ಅದರ ಫೇಸ್.

ಆಮೇಲೆ ವಿತರಣಾ ಟ್ರಾನ್ಸ್‌ಫಾರ್ಮರಿನ ಟ್ಯಾಪ್. ಇದು ಕರೆಂಟ್ ತೆಗೆದು ಕೈಯಲ್ಲಿ ತಿರುಗಿಸುವಂಥದ್ದು, ಸಾಮಾನ್ಯವಾಗಿ ಶೇ. 2.5ರ ಮೆಟ್ಟಿಲುಗಳು. ಹಿಂದೆ ಯಾವಾಗಲೋ ವೋಲ್ಟೇಜ್ ಸಾಲದು ಎಂದು ಏರಿಸಿದ್ದು ಹಾಗೇ ಉಳಿದಿರುತ್ತದೆ. ಸೋಲಾರ್ ಬಂದ ಮೇಲೆ ಓವರ್‌ವೋಲ್ಟೇಜ್ ದೂರು ಬರಲು ಎಷ್ಟೋ ಸಲ ಇದೇ ಕಾರಣ. ಒಂದು ಮೆಟ್ಟಿಲು ಇಳಿಸಿದರೆ ಮುಗಿಯುತ್ತದೆ, ಸಂಜೆಯ ಪೀಕ್ ತಡೆದುಕೊಂಡರೆ.

ಕೊನೆಗೆ ಸಬ್‌ಸ್ಟೇಷನ್ ಬಸ್ ವೋಲ್ಟೇಜ್. ಮಾಡೆಲ್‌ನಲ್ಲಿ 1.0 ಎಂದು ಡೀಫಾಲ್ಟ್ ಇರುತ್ತದೆ, ಅಲ್ಲಿ ನಿಜವಾಗಿ 1.02 ಅಥವಾ 1.03 ಇಟ್ಟಿರುತ್ತಾರೆ. ಮೇಲೆ ನಾವು 50 ಕಿಲೋವ್ಯಾಟ್ ಸೋಲಾರ್‌ಗೆ ಲೆಕ್ಕ ಹಾಕಿದ ಏರಿಕೆ ಇದ್ದದ್ದೇ ಶೇ. 3. ಆ ದಿನದ ಬಸ್ ವೋಲ್ಟೇಜ್ ದಾಖಲೆ ತರಿಸಿಕೊಂಡು, ಅದನ್ನೇ ಮೂಲದ ವೋಲ್ಟೇಜ್ ಆಗಿ ಕೊಟ್ಟು, ಒಂದು ಸಲ ಓಡಿಸಿ. ವ್ಯತ್ಯಾಸ ಇನ್ನೂ ಉಳಿದಿದ್ದರೆ ಆಗ ಕೇಬಲ್ ಉದ್ದ, ಗಾತ್ರದ ದಾಖಲೆ ತೆಗೆಯಿರಿ.